ಹೆಂಗಸರ ಪರ ಅಂದರೆ ಜನ ಕೊಳ್ಳುತ್ತಾರಾ?

ಪ್ರಶ್ನೆ: ಒಂದು ಬ್ರ್ಯಾಂಡ್ ಮಹಿಳೆಯರಿಗೆ ಬೆಂಬಲ ಕೊಡುತ್ತದೆ ಅಂತ ಗೊತ್ತಾದರೆ ಜನ ಅದನ್ನೇ ಜಾಸ್ತಿ ಕೊಳ್ಳುತ್ತಾರಾ?

ಮಾರ್ಚ್ ಬಂತು, ಮಹಿಳಾ ದಿನ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಬಿ.ಕಾಂ ಮಕ್ಕಳು ಪ್ರಾಜೆಕ್ಟಿಗೆ ಅಂತ ಕೇಳುತ್ತಾರೆ. ಸಂಘದ ಹೆಂಗಸರು ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಮಾಡಿಸುವ ಮುಂಚೆ ಕೇಳುತ್ತಾರೆ. ನನ್ನ ಉತ್ತರ ಪ್ರತಿ ವರ್ಷವೂ ಒಂದೇ. ಬೆಲೆ, ರುಚಿ ಎರಡೂ ಸರಿಸಮ ಇದ್ದರೆ ಕೈ ಆ ಕಡೆ ಹೋಗುತ್ತದೆ. ಹತ್ತು ರೂಪಾಯಿ ಜಾಸ್ತಿಯಾದರೆ ಅದೇ ಕೈ ವಾಪಸ್ ಬರುತ್ತದೆ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಒಂದು ನಂಬಿಕೆ ಎಷ್ಟು ಬಡಿದರೂ ಸಾಯುತ್ತಿಲ್ಲ. ಪ್ಯಾಕೆಟ್ ಮೇಲೆ 'ಮಹಿಳೆಯರ ಪರ' ಅಂತ ಹಾಕಿದರೆ ಸಾಕು, ಹೆಂಗಸರೆಲ್ಲ ಅದನ್ನೇ ತಗೋತಾರಂತೆ! ಸರ್ವೆ ಮಾಡಿದ ಮಕ್ಕಳು ಫಾರ್ಮ್ ತಂದು ತೋರಿಸುತ್ತಾರೆ. "ನೋಡಿ ಮಿಸ್, ಎಲ್ಲರೂ ಹೌದು ಅಂತಲೇ ಟಿಕ್ ಹಾಕಿದ್ದಾರೆ." ಅಲ್ಲಮ್ಮಾ, ನೀನು ಎದುರಿಗೇ ನಿಂತು "ಆಂಟಿ, ನೀವು ಮಹಿಳೆಯರಿಗೆ ಬೆಂಬಲ ಕೊಡ್ತೀರಾ?" ಅಂದರೆ ಇಲ್ಲ ಅನ್ನುವವರು ಯಾರು?

ಪಾಠ ಮಾಡುವುದು ಬಿಟ್ಟ ಮೇಲೆ ನಾನು ಚಿಕ್ಕಮಗಳೂರಿನಲ್ಲೇ ಕಾಫಿಪುಡಿ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಹೋದ ಮಾರ್ಚಿನಲ್ಲಿ ಒಂದು ಮಹಿಳಾ ಸಂಘದ ಪುಡಿ ಪ್ಯಾಕೆಟ್‌ಗಳನ್ನು ಕೌಂಟರ್ ಮೇಲೆ, ಎದ್ದು ಕಾಣುವ ಹಾಗೆ ಜೋಡಿಸಿದ್ದೆ. ಪ್ರತಿ ವಾರ ಬರುವ ಒಬ್ಬರು ಒಂದನ್ನು ಎತ್ತಿಕೊಂಡರು. ಪೂರ್ತಿ ಓದಿದರು. "ಪಾಪ, ಒಳ್ಳೇ ಕೆಲಸ ಮಾಡ್ತಿದ್ದಾರೆ ಅಲ್ವಾ?" ಅಂದರು. ಮೂಗಿನ ಹತ್ತಿರ ಹಿಡಿದು ನೋಡಿದರು. ಅಲ್ಲೇ ಇಟ್ಟರು. "ನಂಗೆ ಮಾಮೂಲಿದೇ ಕೊಡಿ ಅಕ್ಕ, ಅರ್ಧ ಕೆಜಿ. ಚಿಕೋರಿ ಇಪ್ಪತ್ತು ಪರ್ಸೆಂಟೇ ಇರ್ಲಿ. ರುಚಿ ಬದಲಾದ್ರೆ ನಮ್ಮನೆಯವರು ಕುಡಿಯಲ್ಲ." (ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ ಒಂದು ಬೇರಿನ ಪುಡಿ.)

ಆ 'ಪಾಪ' ಇದೆಯಲ್ಲ, ವ್ಯಾಪಾರಕ್ಕೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಪಾಪ ಅಂತ ಕೊಂಡವರು ಒಂದು ಸಲ ಕೊಳ್ಳುತ್ತಾರೆ, ಅಷ್ಟೇ.

"ಹಾಗಾದರೆ ಲಿಜ್ಜತ್?" ಅಂತ ಯಾರಾದರೂ ಕೇಳೇ ಕೇಳುತ್ತೀರಿ. 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ, ತಾರಸಿ ಮೇಲೆ ಹಪ್ಪಳ ಲಟ್ಟಿಸಲು ಶುರುಮಾಡಿದರು. ಇವತ್ತಿಗೂ ಲಟ್ಟಿಸುವವರೇ ಅದರ ಒಡತಿಯರು. ಆದರೆ ನಿಜ ಹೇಳಿ, ನೀವು ಕೊಂಡಿದ್ದು ಅದಕ್ಕಾ? ಕೆಂಡದ ಮೇಲೆ ಸುಟ್ಟರೂ ಗರಿಗರಿ, ಮೆಣಸಿನ ಖಾರ ಹದವಾಗಿದೆ ಅಂತ ಕೊಂಡಿರಿ. ಕಥೆ ಗೊತ್ತಾಗಿದ್ದು ಆಮೇಲೆ. ಗೊತ್ತಾದ ಮೇಲೆ ಅಭಿಮಾನ ಬಂತು, ಬೇರೆ ಹಪ್ಪಳಕ್ಕೆ ಹೋಗಲು ಮನಸ್ಸು ಬರಲಿಲ್ಲ. ಬೆಂಬಲ ಕೆಲಸ ಮಾಡುವುದು ಅಲ್ಲಿ.

ಉಲ್ಟಾ ಲೆಕ್ಕವೂ ಅಷ್ಟೇ. ಹೆಂಗಸರನ್ನು ಕೀಳು ಮಾಡುತ್ತದೆ ಅಂತ ಬೈದರೂ ಜನ ಕೊಳ್ಳುವುದು ಬಿಡುವುದಿಲ್ಲ. ಬಣ್ಣದ ವಿಚಾರಕ್ಕೆ ಬೈಸಿಕೊಂಡು ಬೈಸಿಕೊಂಡು ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಈಗಲೂ ಹಳೇ ಹೆಸರು ಹೇಳಿಯೇ ಕೇಳುತ್ತಾರೆ. ಇದ್ದ ಹಾಗೇ ನೀವು ಚೆಂದ ಅನ್ನುವ ಡವ್ ಕೂಡ ಅದೇ ಯೂನಿಲಿವರ್ ಮನೆಯದು. ಎರಡೂ ಒಂದೇ ಚೀಲದಲ್ಲಿ ಮನೆಗೆ ಹೋಗುತ್ತವೆ.

ಯಾರೂ ಕೇಳಲಿಲ್ಲ, ಆದರೂ ಒಂದು ಮಾತು. ಕಾಫಿ ಪ್ಯಾಕೆಟ್ ಮೇಲೆ ಹಣ್ಣು ಕುಯ್ಯುತ್ತಾ ನಗುವ ಹೆಂಗಸಿನ ಚಿತ್ರ ಇರುತ್ತದಲ್ಲ, ಆಕೆಗೆ ಏನು ಸಿಕ್ಕಿತು? ಕುಯ್ಲಿನ ದಿನಗಳಲ್ಲಿ ಸಂಜೆ ಚೀಲ ಹೊತ್ತು ತಂದು, ತೂಕ ಹಾಕಿಸಿ, ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವವಳು ಆಕೆ. 50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಅವರ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬರು ಇರಬೇಕು ಅಂತ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯೇ ಹೇಳಿತ್ತು. 'ನಮ್ಮ ತೋಟದಲ್ಲಿ ಕೂಸಿನ ಕೋಣೆ ಇದೆ' ಅಂತ ಬರೆದ ಪ್ಯಾಕೆಟ್ ನನ್ನ ಕೈಗೆ ಇನ್ನೂ ಬಂದಿಲ್ಲ. ಚಿಕೋರಿ ಎಷ್ಟು ಅಂತ ಮಾತ್ರ ಎಲ್ಲರೂ ಬರೆಯುತ್ತಾರೆ, ಬರೆಯಲೇಬೇಕು. ಕಾಫಿ 51 ಪರ್ಸೆಂಟಿಗಿಂತ ಕಮ್ಮಿ ಇರುವ ಹಾಗೂ ಇಲ್ಲ.

ಆ ಸಂಘದವರು ಲೇಬಲ್ ಬದಲಾಯಿಸೋಣವಾ ಅಂತ ಕೇಳಿದರು. ಲೇಬಲ್ ಹಾಗೇ ಇರಲಿ, ಚಿಕೋರಿ ಇಳಿಸಿ ಅಂದೆ. 40 ಇದ್ದದ್ದನ್ನು 20 ಮಾಡಿದ್ದಾರೆ. 'ಪಾಪ' ಅಂದಿದ್ದರಲ್ಲ, ಅವರು ಹೋದ ವಾರ ನೂರು ಗ್ರಾಂ ತಗೊಂಡು ಹೋದರು. ಈ ವಾರ ಇನ್ನೂ ಬಂದಿಲ್ಲ.