ಎರಡನೆಯ ಲ್ಯಾನ್ ಕಾರ್ಡಿಗೆ ಬೇರೆಯದೇ ಕೆಲಸವಿರಬೇಕು

ಶಿರಸಿಯ ಅಡಿಕೆ ವಖಾರಿಗಳಲ್ಲಿ, ಕಾರವಾರದ ವಸತಿಗೃಹಗಳಲ್ಲಿ ನೆಟ್‌ವರ್ಕ್ ಜೋಡಿಸಿಕೊಡುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ: ಲೆಕ್ಕದ ಫೈಲುಗಳಿರುವ ಕಂಪ್ಯೂಟರಿಗೆ ಇನ್ನೊಂದು ಲ್ಯಾನ್ ಕಾರ್ಡ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಾರ್ಡು) ಹಾಕಿ, ಎಲ್ಲ ಕಂಪ್ಯೂಟರುಗಳ ಕೇಬಲ್ಲುಗಳು ಕೂಡುವ ಅದೇ ಸ್ವಿಚ್ಚಿಗೆ ಎರಡನೆಯ ಕೇಬಲ್ ಎಳೆದರೆ ವೇಗ ಇಮ್ಮಡಿಯಾಗುವುದಲ್ಲವೇ? ಸಾಮಾನ್ಯವಾಗಿ ಆಗುವುದಿಲ್ಲ.

ಒಂದು ಕಾರ್ಡಿಗೆ 192.168.1.20, ಇನ್ನೊಂದಕ್ಕೆ 192.168.1.21 ಎಂದು ವಿಳಾಸ ಕೊಟ್ಟಿದ್ದೇವೆನ್ನಿ. ಒಂದೇ ಜಾಲಕ್ಕೆ ಎರಡು ದಾರಿಗಳು ಕಂಡಾಗ ಕಂಪ್ಯೂಟರು ದಾರಿಗಳನ್ನು ಬರೆದಿಟ್ಟ ತನ್ನ ರೂಟಿಂಗ್ ಪಟ್ಟಿಯಲ್ಲಿ ಮೆಟ್ರಿಕ್ (ದಾರಿಯ ಆದ್ಯತೆ ಸೂಚಿಸುವ ಅಂಕಿ) ಕಡಿಮೆಯಿರುವುದನ್ನು ಆರಿಸಿಕೊಳ್ಳುತ್ತದೆ. ಹೊರಹೋಗುವ ಮಾಹಿತಿ ಹೆಚ್ಚಾಗಿ ಆ ಒಂದೇ ಕಾರ್ಡಿನಿಂದ ಸಾಗುತ್ತದೆ. ಲಿನಕ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಮೂಲ ಸೆಟ್ಟಿಂಗ್‌ನಲ್ಲಿ 21ನೆಯ ವಿಳಾಸದ ಬಗೆಗಿನ ಎಆರ್‌ಪಿ ಪ್ರಶ್ನೆಗೆ (‘ಈ ವಿಳಾಸ ಯಾವ ಕಾರ್ಡಿನದು?’ ಎಂದು ಜಾಲದಲ್ಲಿ ಕೇಳುವ ಪ್ರಶ್ನೆ) 20ನೆಯ ವಿಳಾಸದ ಕಾರ್ಡೂ ಉತ್ತರ ಕೊಡಬಲ್ಲದು, ಆದ್ದರಿಂದ ಒಳಬರುವ ಮಾಹಿತಿ ಯಾವ ಕೇಬಲ್ಲಿನಲ್ಲಿ ಬರುತ್ತದೆಂದು ಖಚಿತವಾಗಿ ಹೇಳಲಾಗದು. ಎರಡೂ ಕಾರ್ಡುಗಳಿಗೆ ಬೇರೆ ಬೇರೆ ಗೇಟ್‌ವೇ (ಜಾಲದಿಂದ ಹೊರಹೋಗುವ ಬಾಗಿಲಿನ ವಿಳಾಸ) ತುಂಬಿದರಂತೂ ಒಂದರಲ್ಲಿ ಬಂದ ಕೋರಿಕೆಗೆ ಮತ್ತೊಂದರಿಂದ ಉತ್ತರ ಹೊರಟು, ನಡುವೆ ಕಾವಲಿರುವ ಫೈರ್‌ವಾಲ್ ಅದನ್ನು ತಡೆದುಬಿಡಬಹುದು. ‘ಒಮ್ಮೆ ಬರ್ತದೆ, ಒಮ್ಮೆ ಬರೂದಿಲ್ಲ’ ಎಂಬ ದೂರಿನ ಬೆನ್ನುಹತ್ತಿದಾಗ ನಾನು ಮೊದಲು ನೋಡುವುದು ಈ ಗೇಟ್‌ವೇ ಅಂಕಣವನ್ನೇ.

ಕಾರ್ಡುಗಳನ್ನು ನಿಜವಾಗಿ ಒಗ್ಗೂಡಿಸಲು ಎಲ್‌ಎಸಿಪಿ ಎಂಬ ವ್ಯವಸ್ಥೆಯಿದೆ. ಅದಕ್ಕೆ ಅದನ್ನು ಬೆಂಬಲಿಸುವ ಸ್ವಿಚ್ ಬೇಕು. ಅಲ್ಲಿಯೂ ಒಂದು ಸಂಪರ್ಕದ ಮಾಹಿತಿ ಒಂದೇ ತಂತಿಯಲ್ಲಿ ಹೋಗುವುದರಿಂದ, ಲಾಭ ಸಿಗುವುದು ಹಲವರು ಒಟ್ಟಿಗೆ ಬಳಸುವಾಗ ಮಾತ್ರ. ವಿಂಡೋಸ್ 8 ಮತ್ತು ಸರ್ವರ್ 2012ರಿಂದ ಬಂದ ಎಸ್‌ಎಂಬಿ ಮಲ್ಟಿಚಾನೆಲ್ ಎಂಬ ಫೈಲು ಹಂಚಿಕೆಯ ಸೌಲಭ್ಯ ಒಂದೇ ಫೈಲಿನ ವರ್ಗಾವಣೆಯನ್ನೂ ಎರಡು ಕಾರ್ಡುಗಳಿಗೆ ಹಂಚಬಲ್ಲದು ನಿಜ. ಆದರೆ ಎರಡೂ ತುದಿಗಳಲ್ಲಿ ಆ ಸಾಮರ್ಥ್ಯವಿರಬೇಕು. ಗಿಗಾಬಿಟ್ ತಂತಿಯೊಂದೇ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗಿಸುವಾಗ ಹಳೆಯ ಹಾರ್ಡ್ ಡಿಸ್ಕು ಅದಕ್ಕಿಂತ ಹೆಚ್ಚೇನೂ ಕೊಡಲಾರದು.

ಎರಡನೆಯ ಕಾರ್ಡು ಸಾರ್ಥಕವಾಗುವುದು ಜಾಲವನ್ನು ಬೇರ್ಪಡಿಸುವಾಗ. ವಖಾರಿಯ ಹದಿನಾರು ಕ್ಯಾಮೆರಾಗಳು ಸೆಕೆಂಡಿಗೆ ತಲಾ 4 ಮೆಗಾಬಿಟ್ ಕಳಿಸಿದರೆ 64 ಮೆಗಾಬಿಟ್ ಆಯಿತು. ಅವುಗಳಿಗೆ ಪ್ರತ್ಯೇಕ ಸ್ವಿಚ್ ಇಟ್ಟು, ಎರಡನೆಯ ಕಾರ್ಡಿಗೆ 192.168.10.x ಸಾಲಿನ ವಿಳಾಸ ಕೊಟ್ಟು, ಗೇಟ್‌ವೇ ಖಾಲಿ ಬಿಟ್ಟು, ಐಪಿ ಫಾರ್ವರ್ಡಿಂಗ್ (ಒಂದು ಜಾಲದ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸುವ ಸೆಟ್ಟಿಂಗ್) ಆಫ್ ಆಗಿದೆಯೆಂದು ಖಚಿತಪಡಿಸಿಕೊಂಡರೆ ಕಚೇರಿಯ ಜಾಲಕ್ಕೆ ಆ ಭಾರವೂ ತಟ್ಟದು, ಕ್ಯಾಮೆರಾಗಳು ನೇರವಾಗಿ ಇಂಟರ್ನೆಟ್ಟಿಗೂ ತೆರೆದುಕೊಳ್ಳವು. ಆದರೆ ಅಂಗಳ ದಾಟಿ ಬರುವ ಕೇಬಲ್ ತಾಮ್ರದ್ದಾಗದೆ ಫೈಬರ್ (ಬೆಳಕಿನಲ್ಲಿ ಮಾಹಿತಿ ಸಾಗಿಸುವ ಎಳೆ) ಆಗಿರಲಿ. ತಾಮ್ರದ ತಂತಿಯಲ್ಲಿ ಸಿಡಿಲಿನ ವಿದ್ಯುತ್ತು ಒಳಬಂದರೆ ಹೊಸ ಕಾರ್ಡಿನ ಜೊತೆ ಮದರ್‌ಬೋರ್ಡೂ ಸುಡಬಹುದು.

ವೇಗವೇ ನಿಮ್ಮ ತಕರಾರಾಗಿದ್ದರೆ, ಕಾರ್ಡ್ ಕೊಳ್ಳುವ ಮುನ್ನ ಈಗಿರುವ ಕಾರ್ಡು ಸ್ವಿಚ್ಚಿನೊಡನೆ ಎಷ್ಟು ವೇಗದಲ್ಲಿ ಜೋಡಿಕೊಂಡಿದೆ ಎಂಬುದನ್ನು, ಅಂದರೆ ಲಿಂಕ್ ಸ್ಪೀಡ್ ಅನ್ನು, ನೋಡಿ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರಿನ ಒಂದು ಪಿನ್ ಕಿಲುಬು ಹಿಡಿದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದಿರಬಹುದು. ಕನೆಕ್ಟರನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಲು ತಗಲುವ ಖರ್ಚು ಕಾರ್ಡಿನ ಬೆಲೆಗಿಂತ ಬಹಳ ಕಡಿಮೆ.