ಸೂತ್ರ ಹುಡುಕುವ ಮೊದಲು

"ಟೀಚರೇ, ಇದಕ್ಕೆ ಯಾವ ಫಾರ್ಮುಲಾ?"

ಕಾಸರಗೋಡಿನಲ್ಲಿ ಪ್ಲಸ್ ಟು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಪ್ರತಿ ವರ್ಷ ಕೇಳಿ ಕೇಳಿ ಸಾಕಾದ ಪ್ರಶ್ನೆ ಇದು. ಲೆಕ್ಕ ಪೂರ್ತಿ ಓದುವ ಮೊದಲೇ ಕೇಳುತ್ತಾರೆ. ಜಾಣ ಮಕ್ಕಳೂ ಕೇಳುತ್ತಾರೆ, ಅದೇ ಬೇಜಾರು.

ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ತುಂಬಾ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ವನ್‌ಗೆ ಬಂದಾಗ ಇಂಗ್ಲಿಷ್ ಪುಸ್ತಕ ಹಿಡಿಯುತ್ತಾರೆ. ಇಂಗ್ಲಿಷ್ ಕಷ್ಟ, ಅದಕ್ಕೇ ಲೆಕ್ಕ ಬರುವುದಿಲ್ಲ ಅಂತ ಮನೆಯವರ ನಂಬಿಕೆ. ಸ್ವಲ್ಪ ನಿಜವೂ ಹೌದು. ಆದರೆ ಮಲಯಾಳದಲ್ಲಿ ಓದಿದವರೂ, ಒಂದನೆಯಿಂದ ಇಂಗ್ಲಿಷಿನಲ್ಲೇ ಓದಿದವರೂ ಇದೇ ತಪ್ಪು ಮಾಡುತ್ತಾರೆ. ಭಾಷೆಯ ಮೇಲೆ ಹಾಕಿ ಸುಮ್ನೆ ಕೂರಬೇಡಿ.

ನಾನು ಯಾವಾಗಲೂ ಕೊಡುವ ಲೆಕ್ಕ ಒಂದಿದೆ. 60 ವಾಟಿನದೊಂದು, 100 ವಾಟಿನದೊಂದು ಬಲ್ಬು. ಎರಡೂ 230 ವೋಲ್ಟಿನ ಹಳೇ ತಂತಿ ಬಲ್ಬುಗಳು. ಎರಡನ್ನೂ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಜಾಸ್ತಿ ಬೆಳಗುತ್ತದೆ?

ಕೂಡಲೇ ಜಗಳ ಶುರು. ಪವರ್ ಅಂದರೆ ವೋಲ್ಟೇಜಿನ ವರ್ಗವನ್ನು ರೋಧದಿಂದ (ಕರೆಂಟಿಗೆ ತಂತಿ ಒಡ್ಡುವ ತಡೆಯಿಂದ) ಭಾಗಿಸಿದ್ದು, ಆದ್ದರಿಂದ ರೋಧ ಕಡಿಮೆ ಇರುವ 100 ವಾಟಿನ ಬಲ್ಬೇ ಜಾಸ್ತಿ ಅಂತ ಒಂದು ಬೆಂಚು. ಪವರ್ ಅಂದರೆ ಕರೆಂಟಿನ ವರ್ಗ ಗುಣಿಸು ರೋಧ, ಆದ್ದರಿಂದ ರೋಧ ಜಾಸ್ತಿ ಇರುವ 60 ವಾಟಿನದ್ದೇ ಅಂತ ಇನ್ನೊಂದು ಬೆಂಚು. ಎರಡು ಸೂತ್ರವೂ ಪುಸ್ತಕದಲ್ಲಿವೆ. ಎರಡೂ ಸರಿ. ಹಾಗಾದರೆ ಉತ್ತರ ಯಾಕೆ ಬೇರೆ?

ಇಲ್ಲಿ ನಿಲ್ಲಿ. ಸೂತ್ರ ಬಿಡಿ. ಎರಡು ಬಲ್ಬಿಗೂ ಇಲ್ಲಿ ಸಮಾನವಾಗಿರುವುದು ಯಾವುದು? ಸೀರೀಸಿನಲ್ಲಿ ಕರೆಂಟಿಗೆ ಹೋಗಲು ಇರುವುದು ಒಂದೇ ದಾರಿ. ಒಂದು ಬಲ್ಬಿನಲ್ಲಿ ಹರಿದಷ್ಟೇ ಇನ್ನೊಂದರಲ್ಲೂ ಹರಿಯಬೇಕು. ಮೊದಲ ಬಲ್ಬು ಸ್ವಲ್ಪ ಕರೆಂಟನ್ನು "ತಿಂದು" ಉಳಿದದ್ದನ್ನು ಮುಂದೆ ಕಳಿಸುವುದಿಲ್ಲ. ವೋಲ್ಟೇಜ್ ಮಾತ್ರ ಹಂಚಿಹೋಗುತ್ತದೆ, ಅದೂ ಸಮಪಾಲಲ್ಲ. ಕರೆಂಟ್ ಸಮಾನ ಅಂದಮೇಲೆ ಹೋಲಿಕೆಗೆ ಕರೆಂಟ್ ಇರುವ ಸೂತ್ರವೇ ಸುಲಭ. 60 ವಾಟಿನದಕ್ಕೆ ರೋಧ ಸುಮಾರು 882 ಓಮ್, 100 ವಾಟಿನದಕ್ಕೆ 529 ಓಮ್. ಕರೆಂಟ್ ಸುಮಾರು 0.16 ಆಂಪಿಯರ್. 60 ವಾಟಿನದ್ದು ಸುಮಾರು 23 ವಾಟ್ ಪಡೆಯುತ್ತದೆ, 100 ವಾಟಿನದ್ದು ಬರೀ 14. ಗೆದ್ದದ್ದು ಸಣ್ಣ ಬಲ್ಬು. ಮೊದಲ ಬೆಂಚಿನವರ ಸೂತ್ರ ತಪ್ಪಲ್ಲ, ಅವರು ಎರಡಕ್ಕೂ 230 ವೋಲ್ಟ್ ಹಾಕಿದ್ದು ತಪ್ಪು.

ಒಂದು ಎಚ್ಚರಿಕೆ. ಬಲ್ಬಿನೊಳಗಿನ ತಂತಿ ತಣ್ಣಗಿದ್ದಷ್ಟೂ ರೋಧ ಕಡಿಮೆ. ಇಲ್ಲಿ ಎರಡೂ ಮಂಕಾಗಿ ಉರಿಯುವುದರಿಂದ ನಿಜವಾಗಿ ಅಳೆದರೆ ಈ ಅಂಕೆಗಳೇ ಬರುವುದಿಲ್ಲ. ಯಾವುದು ಜಾಸ್ತಿ ಎಂಬ ಉತ್ತರ ಬದಲಾಗುವುದಿಲ್ಲ.

ಒಮ್ಮೆ ಒಬ್ಬ ಹುಡುಗನ ಅಮ್ಮ ಶಾಲೆಗೆ ಬಂದವರು ಮಾರ್ಕಿನ ಮಾತು ಮುಗಿಸಿ ಕೇಳಿದರು: "ನಮ್ಮ ಕರೆಂಟ್ ಒಲೆಯ ಕಾಯಿಲ್ ತುಂಡಾಗಿತ್ತು ಟೀಚರೇ. ಇವರು ಸುಟ್ಟ ತುದಿ ಕತ್ತರಿಸಿ ಪುನಃ ಸಿಕ್ಕಿಸಿದ್ರು. ಕಾಯಿಲ್ ಗಿಡ್ಡ ಆಯ್ತಲ್ಲ, ಬಿಸಿ ಕಡಿಮೆ ಆಗ್ಬೇಕಲ್ವಾ? ಈಗ ಜಾಸ್ತಿ ಕೆಂಪಾಗ್ತದೆ!" ಎಷ್ಟು ಒಳ್ಳೆಯ ಪ್ರಶ್ನೆ! ಇಲ್ಲಿ ಬದಲಾಗದ್ದು ವೋಲ್ಟೇಜ್. ಮನೆಯ ಪ್ಲಗ್ಗಿನಲ್ಲಿ ಬರುವ 230 ಕಾಯಿಲ್ ಗಿಡ್ಡವಾಯಿತೆಂದು ಇಳಿಯುವುದಿಲ್ಲ. ಕಾಯಿಲ್ ಗಿಡ್ಡವಾದರೆ ಇಳಿಯುವುದು ರೋಧ, ರೋಧ ಇಳಿದರೆ ಕರೆಂಟ್ ಏರುತ್ತದೆ. 1000 ವಾಟಿನ ಕಾಯಿಲಿನಲ್ಲಿ ಹತ್ತರಲ್ಲೊಂದು ಪಾಲು ಕತ್ತರಿಸಿದರೆ ಸುಮಾರು 1111 ವಾಟ್. ಹೊಸ ಕಾಯಿಲ್ ಹಾಕಿಸಿ ಎಂದೂ ಹೇಳಿದೆ. ಸಿಕ್ಕಿಸಿದ ಜಾಗ ವಿಪರೀತ ಬಿಸಿಯಾಗುತ್ತದೆ, ಅದು ಅಪಾಯ.

ಅಲೆಗಳ ಪಾಠದಲ್ಲೂ ಇದೇ ಕತೆ. ವೇಗ ಅಂದರೆ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಅಲೆ) ಗುಣಿಸು ತರಂಗದೂರ (ಒಂದು ಅಲೆಯಿಂದ ಮುಂದಿನದಕ್ಕೆ ಇರುವ ದೂರ) ಎಂದು ಬಾಯಿಪಾಠ ಇರುತ್ತದೆ. ಅಲೆ ಸಾಗುವ ಮಾಧ್ಯಮ ಬದಲಾಯಿತು ಅಂದರೆ ಮೂರನ್ನೂ ಬದಲಾಯಿಸಿಬಿಡುತ್ತಾರೆ! ಬೇಕಲದ ಕಡಲ ತೀರಕ್ಕೆ ಹೋಗಿ ನೋಡಿ. ದಡಕ್ಕೆ ಬಂದಂತೆ ಅಲೆ ನಿಧಾನವಾಗುತ್ತದೆ. ಆಳ 4 ಮೀಟರ್ ಇರುವಲ್ಲಿ ಸೆಕೆಂಡಿಗೆ ಸುಮಾರು 6.3 ಮೀಟರ್, 1 ಮೀಟರ್ ಇರುವಲ್ಲಿ 3.1. ಆದರೆ ಆಳದ ಕಡೆ ಹತ್ತು ಸೆಕೆಂಡಿಗೊಂದು ಬರುತ್ತಿದ್ದರೆ ದಡದ ಹತ್ತಿರವೂ ಹತ್ತು ಸೆಕೆಂಡಿಗೇ ಒಂದು. ನಡುವೆ ಅಲೆ ಹುಟ್ಟುವುದೂ ಇಲ್ಲ, ಕಾಣೆಯಾಗುವುದೂ ಇಲ್ಲ. ಕಡಿಮೆಯಾಗುವುದು ಅಲೆಗಳ ನಡುವಿನ ದೂರ, 63 ಮೀಟರಿನಿಂದ 31ಕ್ಕೆ. ಅಲೆ ಒಡೆಯುವ ಜಾಗದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಇದನ್ನು ಹೇಳಿದ ಮೇಲೆ ಹುಡುಗಿಯೊಬ್ಬಳು ಎದ್ದಳು. 650 ನ್ಯಾನೋಮೀಟರಿನ ಕೆಂಪು ಬೆಳಕು ನೀರಿಗಿಳಿದರೆ ವೇಗ ಕಡಿಮೆಯಾಗಿ ತರಂಗದೂರ ಸುಮಾರು 489 ಆಗ್ತದಲ್ಲ ಟೀಚರೇ, ಅದು ನೀಲಿಯ ಅಂಕೆ, ಹಾಗಾದ್ರೆ ಕೆರೆಯೊಳಗೆ ಕಣ್ಣು ಬಿಟ್ಟರೆ ಕೆಂಪು ಬಟ್ಟೆ ನೀಲಿ ಕಾಣ್ಬೇಕಲ್ವಾ? ಉತ್ತರ ನಾನು ಹೇಳಲಿಲ್ಲ. ಯಾವುದು ಬದಲಾಗಲಿಲ್ಲ ಅಂತ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ "ಫ್ರೀಕ್ವೆನ್ಸಿ" ಅಂದಳು. ಕಣ್ಣು ಬಣ್ಣ ಗುರುತಿಸುವುದು ಅದರಿಂದಲೇ. ಬಟ್ಟೆ ಕೆಂಪಾಗಿಯೇ ಕಾಣುತ್ತದೆ.