ದೊಡ್ಡ ಫೈಲ್ ತೆವಳುತ್ತಿದೆಯೇ? ವೇಗ ಯಾವಾಗ ಬಿತ್ತು ಎಂದು ನೋಡಿ

50 ಜಿಬಿಯ ಫೈಲ್ ಓದಿ, ಬದಲಿಸಿ, ಮತ್ತೆ ಬರೆಯುವ ಕೆಲಸ ತೆವಳತೊಡಗಿದರೆ ಎಲ್ಲರೂ ಮೊದಲು ಬೈಯುವುದು ಡಿಸ್ಕನ್ನು. ಸಿಪಿಯು ನೋಡದೆ ಬೈಯಬೇಡಿ. ಉದಾಹರಣೆಗೆ, ಫೈಲ್ ಕುಗ್ಗಿಸುವ ಜಿಜಿಪ್ ಪ್ರೋಗ್ರಾಂ ಸಿಪಿಯುವಿನ ಒಂದೇ ಕೋರ್‌ನಲ್ಲಿ (ಲೆಕ್ಕ ಮಾಡುವ ಘಟಕದಲ್ಲಿ) ಓಡುತ್ತದೆ. 8 ಲಾಜಿಕಲ್ ಕೋರ್‌ಗಳ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ಒಟ್ಟು 12–13% ತೋರಿಸುತ್ತಿದ್ದರೂ ಆ ಒಂದು ಕೋರ್ ಭರ್ತಿಯಾಗಿರಬಹುದು. ಆಗ ಹೊಸ ಎಸ್‌ಎಸ್‌ಡಿ ತಂದರೂ ದುಡ್ಡು ದಂಡ.

ಸಿಪಿಯು ಬಿಡುವಾಗಿದ್ದು ಡಿಸ್ಕ್ ಮಾತ್ರ 100% ಎಂದರೆ, ಹಾರ್ಡ್ ಡಿಸ್ಕ್‌ನಲ್ಲಿ ಲೆಕ್ಕ ಹೀಗೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ಓದಿ ಬರೆಯುವ ತಲೆಯ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತಲೆ ಸರಿಯಲು ಸುಮಾರು 8, ಒಟ್ಟು 12. ಸೆಕೆಂಡಿಗೆ 160 ಎಂಬಿ ಓದುವ ಡಿಸ್ಕ್‌ಗೆ 64 ಕೆಬಿ ಓದಲು 0.4 ಮಿಲಿಸೆಕೆಂಡ್ ಸಾಕು, ಅಲ್ಲಿಗೆ ಹೋಗಲು ಮಾತ್ರ 12! ಅದೇ ಡಿಸ್ಕ್‌ನಿಂದ ಓದಿ ಅದಕ್ಕೇ ಬರೆಯುವಾಗ ತಲೆ ಹೀಗೇ ಅತ್ತಿತ್ತ ಓಡಾಡಿ ಸುಸ್ತಾಗುತ್ತದೆ. ಆಪರೇಟಿಂಗ್ ಸಿಸ್ಟಂನ ಕ್ಯಾಶ್ (ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಪ್ರತಿ) ಸ್ವಲ್ಪ ಕಾಪಾಡುತ್ತದೆ, ಪೂರ್ತಿ ಅಲ್ಲ. ಔಟ್‌ಪುಟ್ ಮತ್ತು ಟೆಂಪ್ ಫೋಲ್ಡರ್ ಎರಡನ್ನೂ ಬೇರೆ ಡಿಸ್ಕ್‌ಗೆ ಹಾಕಿ. ಇರುವುದು ಒಂದೇ ಡಿಸ್ಕ್ ಆದರೆ ಪ್ರೋಗ್ರಾಂನ ಬಫರ್ (ಒಂದು ಸಲಕ್ಕೆ ಓದಿ ಬರೆಯುವ ತುಂಡು) 16 ಎಂಬಿಗೆ ಏರಿಸಿ. 100 ಮಿಲಿಸೆಕೆಂಡ್ ಓದಿಗೆ 12 ನಷ್ಟ ಎಂದರೆ ಸಹಿಸಬಹುದು. ಡಿಸ್ಕ್ ಎಸ್‌ಎಂಆರ್ ಜಾತಿಯದಾದರೆ ಇದೂ ಸಾಲದು. ಅದರಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಕೂತಿರುವುದರಿಂದ, ಮಧ್ಯದಲ್ಲಿ ತಿದ್ದಿದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಅಲ್ಲಿ ತುಂಬಿಡಿ, ಅಲ್ಲೇ ಕೂತು ತಿದ್ದಬೇಡಿ.

ಎಸ್‌ಎಸ್‌ಡಿ ಕಥೆಯೇ ಬೇರೆ: ಶುರುವಿನಲ್ಲಿ ಜೋರು, ಆಮೇಲೆ ದಿಢೀರ್ ಕುಸಿತ. ಕಾರಣ ಎರಡು, ವೇಗದ ಗ್ರಾಫ್ ನೋಡಿದರೆ ಬೇರೆ ಮಾಡಬಹುದು. ಬಿದ್ದ ವೇಗ ಅಲ್ಲೇ ಸಮನಾಗಿ ನಿಂತರೆ ಎಸ್‌ಎಲ್‌ಸಿ ಕ್ಯಾಶ್ (ಬರೆದದ್ದನ್ನು ಮೊದಲು ಹಿಡಿದಿಡುವ ವೇಗದ ಭಾಗ) ತುಂಬಿದೆ. ಅಗ್ಗದ ಕ್ಯೂಎಲ್‌ಸಿ (ಕೋಶಕ್ಕೆ ನಾಲ್ಕು ಬಿಟ್ ತುಂಬುವ) ಡ್ರೈವ್ ಆಗ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗಿಳಿಯಬಲ್ಲದು. ಗರಗಸದ ಹಲ್ಲಿನಂತೆ ಏರಿಳಿದರೆ ಬಿಸಿ; ತಾಪಮಾನ 70 ಡಿಗ್ರಿ ದಾಟಿದ್ದರೆ ಎನ್‌ವಿಎಂಇ (ವೇಗದ ಜಾತಿಯ ಎಸ್‌ಎಸ್‌ಡಿ) ಡ್ರೈವ್‌ಗೆ ಬಿಸಿ ಹೀರುವ ಹೀಟ್‌ಸಿಂಕ್ ಹಾಕಿ. ಡ್ರೈವ್ ತುಂಬಿದಷ್ಟೂ ಬಹುತೇಕ ಮಾದರಿಗಳಲ್ಲಿ ಆ ಕ್ಯಾಶ್ ಕುಗ್ಗುವುದರಿಂದ ಐದನೇ ಒಂದು ಭಾಗ ಖಾಲಿ ಇಡಿ, ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಡ್ರೈವ್‌ಗೆ ತಿಳಿಸುವ ವ್ಯವಸ್ಥೆ) ಚಾಲೂ ಇದೆಯೇ ನೋಡಿ.

ಹೊರಗಿನ ಡ್ರೈವ್ ಮೊದಲಿಂದಲೂ ಸೆಕೆಂಡಿಗೆ 35–40 ಎಂಬಿಗೇ ಅಂಟಿಕೊಂಡಿದ್ದರೆ ಅದು ಯುಎಸ್‌ಬಿ 2.0 ಪೋರ್ಟಿನದೋ ಕೇಬಲ್ಲಿನದೋ ಕೆಲಸ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಸಾಲಿನ (ಡೇಟಾ ಸಾಗಣೆಯ ದೋಷ) ಎಣಿಕೆ ಏರುತ್ತಿದ್ದರೂ ಮೊದಲು ಡಿಸ್ಕನ್ನು ಜೋಡಿಸುವ ಸಾಟಾ ಕೇಬಲ್ ಬದಲಿಸಿ. 197ನೇ ಸಾಲು (ಓದಲಾಗದೆ ಅನುಮಾನದಲ್ಲಿರುವ ಸೆಕ್ಟರ್‌ಗಳು) ಸೊನ್ನೆಯಲ್ಲದಿದ್ದರೆ ವೇಗದ ಯೋಚನೆ ಬಿಟ್ಟು ಬ್ಯಾಕಪ್ ತೆಗೆಯಿರಿ.

ಅಳೆಯುವಾಗ ರ‍್ಯಾಮ್ ಮೋಸ ಮಾಡುತ್ತದೆ. ಅದೇ ಫೈಲನ್ನು ಎರಡನೇ ಸಲ ಓದಿದರೆ ಡಿಸ್ಕ್ ಮುಟ್ಟದೆಯೇ ಉತ್ತರ ಬಂದಿರುತ್ತದೆ. ಪೆನ್‌ಡ್ರೈವ್ ಕಾಪಿ ಸರ‍್ರನೆ 99% ಮುಟ್ಟಿ ಅಲ್ಲೇ ಕೂರುವುದೂ ಇದರಿಂದಲೇ: ರ‍್ಯಾಮ್‌ಗೆ ಹೋದದ್ದು ಇನ್ನೂ ಡ್ರೈವ್‌ಗೆ ಇಳಿಯುತ್ತಿರುತ್ತದೆ. ಪರೀಕ್ಷೆಗೆ ರ‍್ಯಾಮ್‌ನ ಎರಡು ಪಟ್ಟು ದೊಡ್ಡ ಫೈಲ್ ಬಳಸಿ.